ಚೀಲದ ಹತ್ತಿರ ಕೂತವರು

ಊರೊಳಗೊಂದು ಪ್ರಸಿದ್ಧ ಕೋಟೆ ಇದ್ದರೆ ಆ ಊರಿನವರಿಗೆ ಆಗುವ ಮುಖ್ಯ ಪ್ರಯೋಜನವೆಂದರೆ, ಆಟೋದವನಿಗೆ ದಾರಿ ಹೇಳುವುದು ಸುಲಭವಾಗುತ್ತದೆ. "ಕೋಟಿ ದಾಟಿ ಎಡಕ್ಕ ಹೊಳ್ರಿ" ಎಂದುಬಿಟ್ಟರೆ ಸುಲ್ತಾನರ ವೈಭವವೆಲ್ಲ ಅಷ್ಟಕ್ಕೇ ಮುಗಿದು, ನಮ್ಮ ಬೀಗರ ಮನೆ ಬರುತ್ತದೆ. ಕಲಬುರಗಿಯಲ್ಲೇ ಹುಟ್ಟಿ, ಇಲ್ಲಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ, ಈಗ ಕುಸನೂರ ರಸ್ತೆಯ ಮನೆಯಲ್ಲಿ ನಿವೃತ್ತಿಯ ದೀರ್ಘ ಮಧ್ಯಾಹ್ನಗಳನ್ನು ಕಳೆಯುತ್ತಿರುವ ನಾನು, ಆ ಕೋಟೆಯೊಳಕ್ಕೆ ಸ್ವಂತ ಇಚ್ಛೆಯಿಂದ ಹೋದದ್ದು ನೆನಪಿಲ್ಲ. ಹೋದದ್ದೆಲ್ಲ ಬಂಧುಗಳ ನಿಮಿತ್ತ. ಸೋಲಾಪುರದಿಂದಲೋ ಪುಣೆಯಿಂದಲೋ ಯಾರಾದರೂ ಬಂದಿಳಿದರೆ ಮಾತ್ರ ನಮಗೆ ನಮ್ಮ ಊರು ಕಾಣಿಸುತ್ತದೆ.

ಅವರು ಬರುವ ಮುನ್ನ ಫೋನಿನಲ್ಲಿ ಕೇಳುವ ಪ್ರಶ್ನೆಯೂ ಒಂದೇ: "ಮನಿ ಮಂದಿನೆಲ್ಲಾ ಕರಕೊಂಡು ಬರಾಕತ್ತೀವಿ, ಕೋಟಿ ನೋಡೋ ಹಂಗ ಅದ ಏನು?" ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದು ಕಷ್ಟ, ಏಕೆಂದರೆ ಕುಟುಂಬ ಸಮೇತ ಹೋದವರು ಸ್ಮಾರಕವನ್ನು ನೋಡುತ್ತಾರೆಂಬುದಕ್ಕೆ ಪುರಾವೆ ಸಾಲದು. ಒಬ್ಬರಿಗೆ ನೀರಡಿಕೆ, ಒಬ್ಬರಿಗೆ ಹೊಸ ಚಪ್ಪಲಿ ಕಚ್ಚಿದ ನೋವು, ಒಬ್ಬರಿಗೆ ಫೋಟೋದಲ್ಲಿ ಕಣ್ಣು ಮುಚ್ಚಿಹೋಯಿತೆಂಬ ವ್ಯಥೆ. ಇವುಗಳ ನಡುವೆ ಮಾರ್ಗದರ್ಶಕನ ಪಟ್ಟ ಕಟ್ಟಿಕೊಂಡ ನಾನು, ಯಾವ ಸುಲ್ತಾನ ಯಾರ ಮಗ ಎಂಬುದು ಮರೆತಾಗ ಸಂದರ್ಭೋಚಿತವಾಗಿ ಒಬ್ಬ ಸುಲ್ತಾನನನ್ನು ಹುಟ್ಟಿಸಿ, ಗಂಭೀರವಾಗಿ ಮುಂದುವರಿಯುತ್ತೇನೆ. ಯಾರೂ ಆಕ್ಷೇಪಿಸಿದ್ದಿಲ್ಲ. ಆಕ್ಷೇಪಿಸಬೇಕಾದರೆ ಕೇಳಿಸಿಕೊಂಡಿರಬೇಕಲ್ಲ.

ಪ್ರವಾಸದ ವಿಷಯದಲ್ಲಿ ನಮ್ಮ ಮನೆತನಕ್ಕೆ ಅದರದೇ ಒಂದು ಪದ್ಧತಿ ಉಂಟು. ನಾವು ಎಲ್ಲಿಗೆ ಹೋದರೂ ಊಟ ಕಟ್ಟಿಕೊಂಡು ಹೋಗುವವರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ, ಹಚ್ಚಿದ ಅವಲಕ್ಕಿ, ನೀರಿನ ಕ್ಯಾನು, ಹಾಸಲು ಜಮಖಾನೆ, ಯಾರಿಗಾದರೂ ಚಳಿಯಾದೀತೆಂದು ಶಾಲು. ಇಷ್ಟನ್ನು ಹೊತ್ತು ಕೋಟೆ ಹತ್ತಲಾಗದು. ಬಿಟ್ಟು ಹೋಗುವಷ್ಟು ಲೋಕದ ಮೇಲೆ ನಂಬಿಕೆಯಿಲ್ಲ. ಆದ್ದರಿಂದ ಒಂದು ಮರದ ನೆರಳು ಹುಡುಕಿ, ಚೀಲಗಳನ್ನೆಲ್ಲ ಗುಡ್ಡೆ ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂಡಿಸಿ ಹೋಗುವುದು ನಮ್ಮಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಕ್ರಮ.

ನಮ್ಮ ಕಾಲದಲ್ಲಿ ಆ ಒಬ್ಬರು ಯಾವಾಗಲೂ ಇಂದಿರಕ್ಕನೇ. ಯಾರೂ ಅವಳನ್ನು ನೇಮಿಸಲಿಲ್ಲ. ಹುಡುಗಿಯಾಗಿದ್ದಾಗ ಪಂಢರಪುರದಲ್ಲಿ ಅವ್ವ ಒಮ್ಮೆ ಕೂಡಿಸಿದ್ದಳು, ಆಮೇಲೆ ಅದೇ ಮುಂದುವರಿಯಿತು. ನನ್ನ ಒಬ್ಬಳೇ ಅಕ್ಕ. ಮದುವೆಯಾಗಿ ಕಮಲಾಪುರಕ್ಕೆ ಹೋದ ಮೇಲೂ ಕುಟುಂಬದ ಪ್ರವಾಸಕ್ಕೆ ಬರುತ್ತಿದ್ದಳು, ಬಂದು ಚೀಲದ ಹತ್ತಿರ ಕೂಡುತ್ತಿದ್ದಳು. ವಿಜಯಪುರದ ಗೋಳಗುಮ್ಮಟವನ್ನು ಅವಳು ನೋಡಿದ್ದು ಬುಡದ ಹುಲ್ಲಿನ ಮೇಲಿಂದ. ಬೀದರದ ಬಗ್ಗೆ ಕೇಳಿದರೆ ಅಲ್ಲಿಯ ಬೇವಿನ ಮರ ಭಾಳ ತಂಪು ಎನ್ನುತ್ತಿದ್ದಳು. ನಮ್ಮ ಮನೆಯ ಹಳೆಯ ಫೋಟೋಗಳಲ್ಲಿ ಎಲ್ಲ ಸ್ಮಾರಕಗಳೂ ಇವೆ, ಎಲ್ಲ ಬಂಧುಗಳೂ ಇದ್ದಾರೆ, ಇಂದಿರಕ್ಕನಿಲ್ಲ. ಇದನ್ನು ನಾವು ತಮಾಷೆಯಾಗಿ ಹೇಳಿಕೊಂಡು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ಅವಳ ಗಂಡ, ನಮ್ಮ ಭಾವ, ಕಮಲಾಪುರದ ಶಾಲೆಯಲ್ಲಿ ಮೇಷ್ಟ್ರು. ವರ್ಷಕ್ಕೊಮ್ಮೆ ಹುಡುಗರನ್ನು ಕರೆದುಕೊಂಡು ಕಲಬುರಗಿಯ ಕೋಟೆಗೆ ಬರುವುದು ಅವರಿಗೆ ವ್ರತದಂತೆ ಇತ್ತು. ಆ ಇಡೀ ತಂಡದ ಅವಲಕ್ಕಿಯನ್ನು ಬೆಳಗಿನ ಜಾವ ಎದ್ದು ಹಚ್ಚಿಕೊಡುತ್ತಿದ್ದವಳು ಅಕ್ಕ. ಸಂಜೆ ಮರಳಿ ಬಂದು ಕಾಲು ತೊಳೆದುಕೊಂಡ ಭಾವ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರಂತೆ: ಕೋಟೆಯೊಳಗಿನ ಜಾಮಾ ಮಸೀದಿಯಲ್ಲಿ ಒಂದು ಕಂಬದ ಪಕ್ಕ ನಿಂತು ನೇರ ನೋಡಿದರೆ, ಕಮಾನಿನೊಳಗೆ ಕಮಾನು, ಅದರೊಳಗೆ ಇನ್ನೊಂದು, ಹೀಗೆ ಸಣ್ಣದಾಗುತ್ತ ಹೋಗಿ ಕೊನೆಗೆ ಬರೀ ಬೆಳಕು ಉಳಿಯುತ್ತದೆ. ಮುಂದಿನ ವರ್ಷ ನೀನೂ ಬಾ, ಆ ಕಂಬದ ಹತ್ತಿರ ನಿಲ್ಲಿಸಿ ತೋರಿಸುತ್ತೇನೆ. ಮುಂದಿನ ವರ್ಷಗಳು ಬಂದವು, ಹೋದವು, ಭಾವನೂ ಹೋದರು. ಕಮಲಾಪುರದಿಂದ ಕಲಬುರಗಿಗೆ ಒಂದು ತಾಸಿನ ದಾರಿ. ಮದುವೆ, ಮುಂಜಿ, ದವಾಖಾನೆ ಎಂದು ಅಕ್ಕ ಎಷ್ಟು ಸಲ ಬಂದಳೋ. ಕೋಟೆಯ ಗೋಡೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋದಳು.

ಹೋದ ಚಳಿಗಾಲದಲ್ಲಿ ದವಾಖಾನೆಗೆಂದು ಬಂದವಳಿಗೆ ಕಣ್ಣಿನ ಡಾಕ್ಟರು ಹೇಳಿದ ಮಾತು ಸ್ಪಷ್ಟವಾಗಿತ್ತು. ಒಂದು ಕಣ್ಣು ಆಗಲೇ ಹೋಗಿದೆ. ಇನ್ನೊಂದರಲ್ಲಿ ಒಳ್ಳೆ ಬೆಳಕಿದ್ದರೆ ಎದುರಿಗಿರುವುದು ಕಾಣುತ್ತದೆ, ಬೆಳಕು ಇಳಿಯಿತೆಂದರೆ ಇಲ್ಲ; ಅದೂ ಹೆಚ್ಚು ದಿನ ಉಳಿಯುವ ಲಕ್ಷಣವಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವಳೇ ಹೇಳಿದಳು: "ಶೀನಾ, ನಿಮ್ಮ ಭಾವ ಹೇಳ್ತಿದ್ರಲ್ಲೋ, ಆ ಕಮಾನು. ಅದೊಂದು ನೋಡ್ಬೇಕಾಗಿತ್ತು ನೋಡಪಾ."

ಅಕ್ಕ ತನಗಾಗಿ ಏನನ್ನಾದರೂ ಕೇಳಿದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ನಾನು ಉತ್ಸಾಹದಿಂದ ಉಬ್ಬಿಹೋದೆ. ಮರುದಿನ ಬೆಳಿಗ್ಗೆ ಒಂದು ಆಟೋ ಹಿಡಿದು ಅವಳನ್ನು ಕರೆದುಕೊಂಡು ಹೋಗಿ ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಸರಳವಾಗಿ ಒಂದು ಕೆಲಸವನ್ನು ಮಾಡಿದರೆ ಅದಕ್ಕೆ ಕುಟುಂಬದ ಶೋಭೆ ಎಲ್ಲಿ? ಸೋಲಾಪುರದಲ್ಲಿರುವ ತಮ್ಮ ಮಾಧವನಿಗೆ ಫೋನು ಮಾಡಿದೆ. ಅಕ್ಕನಿಗಾಗಿ ಎಲ್ಲರೂ ಕೂಡಿ ಹೋಗೋಣ ಎಂದು ಅವನೂ ಹುರುಪಿನಿಂದ ಹೇಳಿದ. ಭಾನುವಾರ ಹೆಂಡತಿ ಮಕ್ಕಳೊಡನೆ ಕಾರಿನಲ್ಲಿ ಬರುವುದಾಗಿ ತೀರ್ಮಾನವಾಯಿತು.

ಭಾನುವಾರ ಅಕ್ಕ ಬೆಳಿಗ್ಗೆಯೇ ಮಿಂದು, ಇಳಕಲ್ ಸೀರೆ ಉಟ್ಟು, ಬಾಗಿಲ ಬಳಿ ಕೂತಿದ್ದಳು. ಮಾಧವ ಬಂದದ್ದು ಮಧ್ಯಾಹ್ನ. ಬಂದವರಿಗೆ ಚಹಾ, ಚಹಾದ ಹಿಂದೆ ಚೂಡಾ, ಅದರ ಹಿಂದೆ ಚೀಲಗಳನ್ನು ತುಂಬುವ ಸಂಭ್ರಮ. ಚಳಿಗಾಲದ ಹೊತ್ತು ಎಷ್ಟೆಂದು ಇರುತ್ತದೆ! ಕೋಟೆ ಮುಟ್ಟಿದಾಗ ಬಿಸಿಲು ಆಗಲೇ ಓರೆಯಾಗಿತ್ತು. "ಮೊದಲ ಮಸೂತಿಗೆ ಹೋಗೂಣೇನು?" ಎಂದು ನನ್ನ ಹೆಂಡತಿ ಸುಧಾ ಕೇಳಿದಳು. "ಹುಡುಗುರು ಹಸಿದಾವ ವೈನಿ, ಉಂಡು ಆರಾಮ ಹೋಗೂಣು" ಎಂದ ಮಾಧವ. ಅಕ್ಕನೂ ಹೌದೆಂದಳು, ಮಕ್ಕಳು ಹಸಿದಿವೆ ಎಂದರೆ ಅವಳು ಎಂದೂ ಬೇರೆ ಮಾತಾಡಿದವಳಲ್ಲ.

ಮರದ ಕೆಳಗೆ ಜಮಖಾನೆ ಹಾಸಿ ಉಂಡೆವು. ಆಮೇಲೆ ಏನಾಯಿತೆಂದು ನಾನು ಎಷ್ಟೋ ಸಲ ನೆನೆದಿದ್ದೇನೆ, ವಿಶೇಷವೇನೂ ಆಗಲಿಲ್ಲ. ಮಕ್ಕಳು ಯುದ್ಧದ ತೋಪು ನೋಡುವೆವೆಂದು ಬುರುಜಿನ ಕಡೆ ಓಡಿದವು, ಅವುಗಳ ಹಿಂದೆ ಮಾಧವ ಓಡಿದ. ಸುಧಾ ಡಬ್ಬಿಗಳನ್ನು ಮುಚ್ಚಿದಳು. ಮಾಧವನ ಹೆಂಡತಿ ಚೀಲಗಳನ್ನು ಒಂದೆಡೆ ಸರಿಸಿ ಅಕ್ಕನ ಮಗ್ಗುಲಿಗೆ ಇಟ್ಟು, "ಅಕ್ಕಾವ್ರ, ನೀವು ಇಲ್ಲೇ ಇರ್ತೀರಲ್ಲಾ?" ಎಂದಳು. "ಹ್ಞೂಂ, ನೀವು ಹೋಗಿ ಬರ್ರಿ" ಎಂದಳು ಅಕ್ಕ. ಕೇಳಿದವಳಿಗೂ ಅದು ರೂಢಿಯ ಮಾತು, ಹೇಳಿದವಳಿಗೂ ರೂಢಿಯ ಮಾತು. ನಾನು ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಿದ್ದೆ, ಕೇಳಿಸಿಕೊಂಡೆ, ನನಗೂ ಏನೂ ಅನ್ನಿಸಲಿಲ್ಲ.

ತೋಪಿನ ಮೇಲೆ ಕೈಯಿಟ್ಟು ಫೋಟೋ, ತೋಪಿನ ಬಾಯಿಯೊಳಗೆ ಕೂಗಿ ಫೋಟೋ, ಒಬ್ಬೊಬ್ಬರದೂ ಬೇರೆ ಬೇರೆ, ಮತ್ತೆ ಎಲ್ಲರದೂ ಕೂಡಿ. ಅಲ್ಲಿಂದ ಇಳಿದು ಮಸೀದಿಯೊಳಗೆ ಹೋದೆವು. ಕಂಬಗಳ ನಡುವೆ ಹಾದು, ಭಾವ ಹೇಳುತ್ತಿದ್ದ ಜಾಗ ಇದೇ ಇರಬೇಕೆಂದು ಅಂದೇ ಮೊದಲ ಸಲ ಒಂದು ಕಡೆ ನಿಂತು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಬಿಳಿ ಕಮಾನುಗಳು ಒಂದರೊಳಗೊಂದು ಸೇರುತ್ತ ದೂರ ಹೋಗಿದ್ದವು, ಕೊನೆಯಲ್ಲಿ ಸಂಜೆಯ ಬಿಸಿಲಿನ ಒಂದು ತುಣುಕು. ನಾನು ಮೈಮರೆತೆ. ಅಂದು ಸುಲ್ತಾನರನ್ನು ಹುಟ್ಟಿಸುವ ಅಗತ್ಯ ಬೀಳಲಿಲ್ಲ. ಭಾವನ ಮಾತುಗಳನ್ನೇ, ಅವರ ಧಾಟಿಯಲ್ಲೇ, ಮನಸ್ಸು ತುಂಬಿ ವರ್ಣಿಸಿದೆ. ಮಕ್ಕಳೂ ಗಲಾಟೆ ನಿಲ್ಲಿಸಿ ಕೇಳಿದವು. ಮಾತು ಮುಗಿಸಿ, ಪಕ್ಕಕ್ಕೆ ತಿರುಗಿ, "ನೋಡಿದ್ಯಾ ಅಕ್ಕಾ?" ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸುಧಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ದೇವರ!" ಎಂದಷ್ಟೇ ಹೇಳಿ ಮಾಧವ ಬರಿಗಾಲಲ್ಲೇ ಹೊರಗೆ ಓಡಿದ.

ಅವಳನ್ನು ಕೈ ಹಿಡಿದು ಕರೆತರುವಷ್ಟರಲ್ಲಿ ಬಿಸಿಲು ಗೋಡೆಯಿಂದ ಜಾರಿಹೋಗಿತ್ತು. ಉಳಿದವರಿಗೆ ಇನ್ನೂ ಬೆಳಕಿತ್ತು. ಅಕ್ಕನಿಗೆ ಸಾಲುವಷ್ಟು ಇರಲಿಲ್ಲ. ಅದೇ ಕಂಬದ ಪಕ್ಕ ಅವಳನ್ನು ನಿಲ್ಲಿಸಿದೆವು. ಎಲ್ಲರೂ ಒಮ್ಮೆಲೇ ಮಾತಾಡಿದೆವು: ಇಲ್ಲಿ ನೋಡು, ಅಲ್ಲಿ ನೋಡು, ನೆಟ್ಟಗೆ ನೋಡು. ಮಾಧವ ಮೊಬೈಲಿನ ಟಾರ್ಚು ಹಚ್ಚಿ ಕಮಾನಿನತ್ತ ಹಿಡಿದ. ಅದರಿಂದ ಎದುರಿನ ನೆಲವಷ್ಟೇ ಬೆಳಗಿತು. ಅಕ್ಕ ಕುತ್ತಿಗೆ ಚಾಚಿ, ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಬಹಳ ಹೊತ್ತು ಪ್ರಯತ್ನಿಸಿದಳು.

"ಕತ್ತಲಿ ಆಗ್ಯಾದಲ್ಲೋ ಶೀನಾ" ಎಂದಳು ಕೊನೆಗೆ. ಅವಳ ದನಿಯಲ್ಲಿ ದೂರು ಇರಲಿಲ್ಲ. ಸೆರಗು ಸರಿಮಾಡಿಕೊಂಡು, "ನಡೀರಿ, ಹೋಗೂಣು. ಚೀಲಾ ಎಲ್ಲಾ ಹಂಗೇ ಬಿಟ್ಟು ಬಂದೀವಿ" ಎಂದಳು.

ಕಾರಿನಲ್ಲಿ ಮಕ್ಕಳು ತೋಪು ಎಷ್ಟು ಉದ್ದ, ಗುಮ್ಮಟ ಎಷ್ಟು ಎತ್ತರ, ಕಮಾನು ಹೇಗೆ ಸಣ್ಣದಾಗುತ್ತ ಹೋಯಿತು ಎಂದು ಜಗಳಾಡುತ್ತ ಬಂದವು. ಅಕ್ಕ ಅವುಗಳ ನಡುವೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಮಾಧವ ಅಂದೇ ಸೋಲಾಪುರಕ್ಕೆ ಹೊರಟ. ನಾಳೆ ಮತ್ತೆ ಹೋಗೋಣ ಎಂದೆ. ಮರುದಿನ ಅವಳಿಗೆ ಜ್ವರ ಬಂತು. ಅವಳ ಮಗಳು ಬಂದು ಕಮಲಾಪುರಕ್ಕೆ ಕರೆದೊಯ್ದಳು. ಸಂಕ್ರಾಂತಿಗೆ ಕರೆತರುತ್ತೇನೆ ಎಂದೆ. ಸಂಕ್ರಾಂತಿಗೆ ನನ್ನ ಮೊಣಕಾಲು ನೋವು, ಆಮೇಲೆ ಅವಳ ಮೊಮ್ಮಗಳ ಪರೀಕ್ಷೆ. ಯುಗಾದಿಯ ಹೊತ್ತಿಗೆ ಮಗಳೇ ಫೋನು ಮಾಡಿದಳು: "ಮಾಮಾ, ಅವ್ವಗ ಈಗ ಏನೂ ಕಾಣಸವಲ್ದು." ಅಂದು ನಾನು ಊಟ ಮಾಡಲಿಲ್ಲ. ಮಾಡದೆ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲವೆಂಬುದೂ ಗೊತ್ತಿತ್ತು.

ಓದುಗ ಮಹಾಶಯರೇ, ಪ್ರಸಿದ್ಧ ಸ್ಥಳಗಳಿಗೆ ಕುಟುಂಬ ಸಮೇತ ಹೋಗುವುದು ಸಾರ್ಥಕವೇ ಎಂದು ಈಗ ಯಾರಾದರೂ ಫೋನಿನಲ್ಲಿ ಕೇಳಿದರೆ ನಾನು ನೆಟ್‌ವರ್ಕ್ ಸರಿಯಿಲ್ಲವೆಂದು ಇಟ್ಟುಬಿಡುತ್ತೇನೆ. ನಾವು ಪ್ರೀತಿಯಿಲ್ಲದ ಜನರಲ್ಲ. ಅಂದು ಆ ಕೋಟೆಯಲ್ಲಿ ಇದ್ದವರಿಗೆಲ್ಲ ಅಕ್ಕನ ಮೇಲೆ ಜೀವವಿತ್ತು. ಆದರೆ ಪ್ರೀತಿ ಇದ್ದಲ್ಲಿ ಗಮನವೂ ತಾನಾಗಿ ಇರುತ್ತದೆಂದು ನಂಬಿಕೊಂಡಿದ್ದೆ, ಅದು ಸುಳ್ಳು. ಇದನ್ನು ಬರೆಯುವಾಗ ನನಗೆ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗುತ್ತಿದೆ.

ಮೊನ್ನೆ ಕಮಲಾಪುರಕ್ಕೆ ಹೋಗಿದ್ದೆ. ಅಕ್ಕ ಪಡಸಾಲೆಯಲ್ಲಿ ಕೂತು ಕೈಯಂದಾಜಿನಲ್ಲೇ ಶೇಂಗಾ ಸುಲಿಯುತ್ತಿದ್ದಳು. ಅವಳ ಎದುರಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ಮಾತಾಡಿದೆ. ಕರೆಂಟು ಹೋಗಿ ಸೆಖೆಯಾದಾಗ ಗಾಳಿಗೆಂದು ಎದ್ದು ಹೊಸ್ತಿಲ ಬಳಿ ಬಂದು ಕೂತೆ. ಪಕ್ಕದ ಮನೆಯ ಹಲೀಮಾ ತಮ್ಮ ತೋಟದ ಕೆಂಪು ಬಾಳೆಹಣ್ಣು ಹಿಡಿದುಕೊಂಡು ಬಂದಳು. ಮಾತಿಗೆ ಮಾತು ಬಂದು, "ಅಮ್ಮಾ, ನಮ್ಮ ಮನಿಯವ್ರು ಭೀ ಈದ್ ಆದ ಮ್ಯಾಗ ಎಲ್ಲಾರಿಗಿ ಕರಕೊಂಡು ಕಲಬುರ್ಗಿ ಕೋಟಿ ನೋಡೂಣು ಅಂತಾರ. ಹೋಗಬೇಕೇನ್ರಿ, ಇಲ್ಲಾ ಸುಮ್ನ ತಕ್ಲೀಫೇನ್ರಿ?" ಎಂದು ಕೇಳಿದಳು.

ಅಕ್ಕನ ಕೈ ನಿಂತಿತು.

"ಹೋಗ್ರವ್ವಾ, ತಪ್ಪದ ಹೋಗ್ರಿ" ಎಂದಳು ಅಕ್ಕ. "ಮಸೂತ್ಯಾಗ ಒಂದು ಕಂಬದ ಹತ್ರ ನಿಂತು ನೋಡ್ಬೇಕು ನೋಡು. ಕಮಾನಿನಾಗ ಕಮಾನು, ಅದರಾಗ ಮತ್ತೊಂದು ಕಮಾನು, ಸಣ್ಣು ಸಣ್ಣು ಆಗಿ ಕಡೀಗಿ ಬರೇ ಬೆಳಕು ಉಳೀತದ. ನಮ್ಮ ತಮ್ಮಗೋಳು ಎಲ್ಲಾ ಕೆಲಸಾ ಬಿಟ್ಟು ಬಂದು, ಕೈ ಹಿಡದು ಕರಕೊಂಡು ಹೋಗಿ, ಒಂದೂ ಬಿಡದಂಗ ತೋರಿಸ್ಯಾರ." ಎಂದವಳು, ಎದುರಿನ ಖಾಲಿ ಕುರ್ಚಿಯ ಕಡೆ ಮುಖವೆತ್ತಿ ನಕ್ಕು, "ಹೌದಲ್ಲೋ ಶೀನಾ?" ಎಂದಳು.

ಹಲೀಮಾ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹೊಸ್ತಿಲಿಂದ ಸಪ್ಪಳವಾಗದಂತೆ ಎದ್ದು ಹೋಗಿ, ಆ ಕುರ್ಚಿಯಲ್ಲಿ ಕೂತು, "ಹೌದಕ್ಕಾ" ಎಂದೆ.