ವೈರಿಂಗ್ ಕಾಕಾರ ಬಲಗೈ

ಕಳೆದ ವಾರ ಮನೆಯ ಮಿಕ್ಸರಿನ ವೈರು ಸುಟ್ಟು ಅಡುಗೆಮನೆ ತುಂಬ ಕಮರು ವಾಸನೆ ಹರಡಿತು. ಹೆಂಡತಿ ಕಿಟಕಿ ತೆರೆಯಲು ಓಡಿದಳು. ನಾನು ಆ ವಾಸನೆಯಲ್ಲೇ ನಿಂತುಬಿಟ್ಟೆ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ, ಕಾರುಗಳ ವೈರಿಂಗ್ ರಿಪೇರಿ ಮಾಡುತ್ತಿದ್ದ ವೈರಿಂಗ್ ಕಾಕಾರ ಅಂಗಡಿಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ಇಪ್ಪತ್ತು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದೆ. ಆಗ ಊರಿಗೇ ಅಪರೂಪವಾಗಿದ್ದ ಆಟೋಮ್ಯಾಟಿಕ್ ಕಾರು. ಕಾಲಿಗೆ ಕ್ಲಚ್ಚೇ ಇರಲಿಲ್ಲ. ಒಂದು ತಿಂಗಳಿಂದ ಅದಕ್ಕೊಂದು ರೋಗ ಹತ್ತಿತ್ತು. ಓಡುವಾಗ ಸರಿಯಾಗಿರುತ್ತಿತ್ತು. ಬ್ರೇಕು ಒತ್ತಿ ನಿಲ್ಲಿಸಲು ಹೋದರೆ ಜಗ್ಗಾಡಿ ಎಂಜಿನ್ ಬಂದ್ ಆಗುತ್ತಿತ್ತು. ಹಾಗಾದಾಗ ಸ್ಟೇರಿಂಗೂ ಬ್ರೇಕೂ ಕಲ್ಲಿನಂತೆ ಬಿಗಿಯುತ್ತಿದ್ದವು.

ಒಂದು ಮಧ್ಯಾಹ್ನ ದುರ್ಗದಬೈಲಿನ ಸಂದಣಿಯಲ್ಲಿ ಹಾಗೇ ಆಯಿತು. ಕಾರು ಉರುಳಿಕೊಂಡು ಹೋಗಿ, ಬಾಳೆಹಣ್ಣು ಮಾರುವವನ ಕಾಲು ಬಂಪರಿಗೂ ಗೋಡೆಗೂ ನಡುವೆ ಸಿಕ್ಕಿ ಮುರಿಯಿತು. ಜನ ನನ್ನನ್ನು ಕೂದಲು ಹಿಡಿದು ಹೊರಗೆಳೆದರು. ಎರಡು ಹಲ್ಲು ಅಲ್ಲೇ ಬಿದ್ದವು. ರಕ್ತ ಒರೆಸಿಕೊಳ್ಳುತ್ತ ಸಾಹುಕಾರರ ಮನೆಗೆ ಬಂದರೆ ಅವರ ತಮ್ಮ ಬೆಲ್ಟು ಬಿಚ್ಚಿದ. "ಕುಡದು ಗಾಡಿ ಹೊಡದು ಗೇರ್‌ಬಾಕ್ಸ್ ಹಾಳ ಮಾಡೀದಿ," ಎನ್ನುತ್ತ ಬೆನ್ನಿನ ಚರ್ಮ ಏಳುವ ತನಕ ಬಾರಿಸಿದ. ನಾನು ಹುಟ್ಟಿದಾಗಿನಿಂದ ಕುಡಿದವನಲ್ಲ.

ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕೆಂದು ಒಂದು ಗ್ಯಾರೇಜಿನವರು ಹೇಳಿದ್ದರು. ಅದಕ್ಕೂ ಮೊದಲು ಒಮ್ಮೆ ನೋಡಲಿ ಎಂದು ಸಾಹುಕಾರರು ಕಾಕಾರನ್ನು ಗೋದಾಮಿನ ಅಂಗಳಕ್ಕೆ ಕರೆಸಿದರು. ಕಾಕಾ ನನ್ನ ಊದಿದ ಮುಖ ನೋಡಿದರು. ಕಾರಿನಡಿ ನುಸುಳಿ, ಗೇರ್‌ಬಾಕ್ಸಿಗೆ ಹೋಗುವ ಒಂದು ಪ್ಲಗ್ ಕಿತ್ತರು.

"ಈಗ ಒಂದ್ ಸುತ್ತ ಹೊಡದು ಬಾ, ತಮ್ಮಾ."

ಹೋಗಿ ಬಂದು ಬ್ರೇಕು ಒತ್ತಿದೆ. ಎಂಜಿನ್ ನಿಲ್ಲಲಿಲ್ಲ. ಪ್ಲಗ್ ಮತ್ತೆ ಹಾಕಿ ಓಡಿಸಿದಾಗ ಎಂಜಿನ್ ನಿಂತಿತು. ಕಾಕಾ ಸಾಹುಕಾರರಿಗೆ ತಿಳಿಸಿ ಹೇಳಿದರು. ಈ ಕಾರಿಗೂ ಒಳಗೊಂದು ಕ್ಲಚ್ ಇದೆ, ವೇಗದಲ್ಲಿ ಕರೆಂಟು ಬಂದಾಗ ಅದು ಹಿಡಿಯುತ್ತದೆ, ನಿಲ್ಲಿಸುವಾಗ ಬಿಡಬೇಕು. ಕರೆಂಟು ನಿಲ್ಲದ್ದರಿಂದ ಇಲ್ಲಿ ಅದು ಬಿಡುತ್ತಲೇ ಇಲ್ಲ.

ಆಮೇಲೆ ಆ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ ಚಾವಿ ತಿರುಗಿಸಿದರು. ನಿಂತ ಕಾರಿನಲ್ಲೂ ದೀಪ ಉರಿಯಿತು. ಉರಿಯಬಾರದಿತ್ತು. ವೈರಿನ ಜಾಡು ಹಿಡಿದು ಗೇಣುಗೇಣಾಗಿ ತಡವುತ್ತ ಹೋದ ಕಾಕಾ ಸೀಟಿನ ಕೆಳಗೆ ನೆಲಹಾಸು ಎತ್ತಿದರು. ಅಲ್ಲೊಂದು ದೊಡ್ಡ ಸ್ಪೀಕರ್ ಪೆಟ್ಟಿಗೆ. ಅದರ ಸ್ಕ್ರೂ ವೈರನ್ನು ತೂರಿ ಕಾರಿನ ತಗಡಿಗೆ ಕಚ್ಚಿಕೊಂಡು, ಕರೆಂಟು ಸದಾ ಹರಿಯುವಂತೆ ಮಾಡಿತ್ತು. ಸ್ಕ್ರೂ ಬಿಚ್ಚಿದ ಕೂಡಲೇ ದೀಪ ಆರಿತು.

"ಡ್ರೈವರಂದು ತಪ್ಪಿಲ್ರಿ, ಸಾವ್ಕಾರ್ರ. ಈ ಪೆಟಗಿ ಕುಂಡ್ರಿಸಿದವರದು."

ಪೆಟ್ಟಿಗೆ ಕೂರಿಸಿದ್ದು ಸಾಹುಕಾರರ ತಮ್ಮ. ಅವನೂ ಅಲ್ಲೇ ನಿಂತಿದ್ದ. ಸಾಹುಕಾರರು ಅವನ ಕಡೆ ನೋಡಿದರು, ಅಷ್ಟೇ. ಅವನು ಡಿಕ್ಕಿಯಿಂದ ಚಕ್ರ ಬಿಚ್ಚುವ ಕಬ್ಬಿಣದ ಪಾನಾ ತೆಗೆದು, ಕಾರಿನ ಬಾಗಿಲ ಅಂಚಿಗೆ ಊರಿದ್ದ ಕಾಕಾರ ಬಲಗೈ ಮೇಲೆ ಬೀಸಿದ. ಕಾಕಾ ಕೈ ಎಳೆದುಕೊಳ್ಳುವ ಮೊದಲೇ ಇನ್ನೊಂದು ಏಟು. ಮೂರನೆಯದು ಮೊಣಕೈಗೆ. ನಾನು ಅವನ ಹಿಂದೆಯೇ ಇದ್ದೆ. ಕೈ ಚಾಚಿದ್ದರೆ ಪಾನಾ ಸಿಗುತ್ತಿತ್ತು...

"ಸಾಕು ಬಿಡು," ಎಂದರು ಸಾಹುಕಾರರು, ನಾಯಿ ಜಗಳ ಬಿಡಿಸುವವರಂತೆ.

ಕಾಕಾ ಜಜ್ಜಿದ ಕೈಯನ್ನು ಕಂಕುಳಲ್ಲಿ ಅವಚಿಕೊಂಡು ಎದ್ದರು. "ಆ ವೈರಿಗೆ ಟೇಪ್ ಸುತ್ತು, ತಮ್ಮಾ. ಹಂಗ ಬಿಡಬ್ಯಾಡ," ಎಂದು ನನಗೆ ಹೇಳಿ, ಒಬ್ಬರೇ ನಡೆದು ಹೋದರು. ನಾನು ಟೇಪ್ ಸುತ್ತಿದೆ. ಮುಂದೆ ಆರು ವರ್ಷ ಅದೇ ಕಾರು ಓಡಿಸಿದೆ. ಅದರ ಎಂಜಿನ್ ಮತ್ತೆ ಒಮ್ಮೆಯೂ ಬಂದ್ ಆಗಲಿಲ್ಲ. ಕಾಕಾರ ಬಲಗೈಗೆ ಮತ್ತೆ ಸ್ಕ್ರೂಡ್ರೈವರ್ ಹಿಡಿಯಲಾಗಲಿಲ್ಲವೆಂದು ಕೇಳಿದ್ದೆ. ಅವರ ಅಂಗಡಿಯ ಓಣಿಗೆ ಮಾತ್ರ ನಾನು ಕಾಲಿಡಲಿಲ್ಲ.

ಮೊನ್ನೆ ಭಾನುವಾರ ಕಾಕಾರ ಮನೆಗೆ ಹೋದೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಕಾಕೂ ಚಹಾ ಕೊಟ್ಟರು. ಜ್ಯಾಕ್ ಜಾರಿ ಕಾರು ಕೈಮೇಲೆ ಬಿದ್ದಿತ್ತೆಂದು ಕಾಕಾ ಮನೆಯಲ್ಲಿ ಹೇಳಿದ್ದರಂತೆ. ಸಾಯುವ ತನಕ ಅಷ್ಟೇ ಹೇಳಿದರಂತೆ.

"ಜ್ಯಾಕ್ ಜಾರಿದ್ದಲ್ರಿ, ಕಾಕೂ," ಎಂದೆ. ಎಲ್ಲವನ್ನೂ ಹೇಳಿದೆ.

ಕಾಕೂ ಕೇಳಿದರು, "ನೀ ಆವಾಗ ಎಲ್ಲಿದ್ದಿ?"

"ಅಲ್ಲೇ ಇದ್ದೆರಿ. ಒಂದ್ ಹೆಜ್ಜಿ ಹಿಂದ."

ಕಾಕೂ ನನ್ನ ಮುಂದಿದ್ದ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಚಹಾ ಇನ್ನೂ ಅರ್ಧ ಉಳಿದಿತ್ತು.