ಚಿಕ್ಕಬೋರಯ್ಯ ಆರಿಸಿದ ಜೋಡಿ

ಕುರಿ ತಳಿಗೆ ಹೆಸರಾದ ಬಂಡೂರಿನ ಚಿಕ್ಕಬೋರಯ್ಯ ಟಗರನ್ನು ಕಣ್ಣಿನಿಂದ ನೋಡುವವರಲ್ಲ, ಕೈಯಿಂದ ನೋಡುವವರು. ಬೆನ್ನ ಮೇಲೆ ಅಂಗೈಯಿಟ್ಟು, ಪಕ್ಕೆ ಸವರಿ, ಎದೆಯ ಅಗಲ ಹಿಡಿದು ‘ತಗಳಿ’ ಎಂದರೆ ಕೊಳ್ಳುವವರು ಮರುಮಾತಾಡುತ್ತಿರಲಿಲ್ಲ. ಇದರಿಂದ ಅವರಿಗೆ ದಕ್ಕುತ್ತಿದ್ದದ್ದು ಒಂದು ಲೋಟ ಕಾಫಿ, ಮತ್ತು ಹೆಸರು. ಕಾಫಿ ಅವರಿಗೆ ಸೇರುವುದಿಲ್ಲ.

ಹೋದ ವರ್ಷ ಮಳವಳ್ಳಿ ಪೇಟೆಯಲ್ಲಿ ಅವರ ಹೆಂಡತಿ ಸೋಮಮ್ಮ, ಲವ್ ಬರ್ಡ್ಸ್ ಎಂದು ಮಾರುವ ಪುಟ್ಟ ಬಣ್ಣದ ಗಿಳಿಗಳನ್ನು ಕಂಡು ನಿಂತರು. ಮನೆಯಲ್ಲೇ ಮರಿ ಮಾಡಿಸಬಹುದು ಎಂದ ಅಂಗಡಿಯವನು ಜೋಡಿ ಆರಿಸಲು ಪಂಜರಕ್ಕೆ ಕೈ ಹಾಕಿದ. ಚಿಕ್ಕಬೋರಯ್ಯ ತಡೆದರು.

“ಬುಡಪ್ಪ. ಬಂಡೂರೋನ್ಗೆ ಜೋಡಿ ತೋರುಸ್ತೀಯಾ?”

ಒಂದೊಂದನ್ನೇ ಹಿಡಿದು ಸವರಿದರು, ಬೆರಳು ಕಚ್ಚಿಸಿಕೊಂಡರು. ಎದೆ ಅಗಲವಿದ್ದದ್ದು ಗಂಡು, ಸಪೂರದ್ದು ಹೆಣ್ಣು ಎಂದು ತೀರ್ಮಾನವಾಯಿತು.

ಜಗಲಿಯಲ್ಲಿ ಪಂಜರ, ಪಂಜರದಲ್ಲಿ ಮೊಟ್ಟೆಯಿಡಲು ತೂತು ಕೊರೆದ ಮಡಕೆ. ಹಕ್ಕಿಗಳು ಕೊಕ್ಕಿಗೆ ಕೊಕ್ಕಿಟ್ಟು ಒಂದಕ್ಕೊಂದು ಉಣಿಸಿದವು. ಚಿಕ್ಕಬೋರಯ್ಯ ನೆಂಟರಿಗೆಲ್ಲ ಮರಿ ಕೊಡುವುದಾಗಿ ಮಾತು ಕೊಟ್ಟರು. ಮೊಟ್ಟೆ ಬರಲಿಲ್ಲ. ನವಣೆ ಸಾಲದೇನೋ ಎಂದು, ಗಬ್ಬದ ಕುರಿಗೆ ಹಾಕುವಂತೆ ಹುರುಳಿ ಬೇಯಿಸಿ ಹಾಕಿದರು. ಹಕ್ಕಿಗಳು ಹುರುಳಿ ತುಳಿದವು.

“ಗಂಡ ಎಂಡ್ತಿ ಆಗಿದ್ರೆ ಇಷ್ಟೊತ್ಗೆ ಒಂದಾದ್ರೂ ಜಗಳ ಆಡ್ಬೇಕಿತ್ತು ಕಣ್ರೀ,” ಎಂದರು ಸೋಮಮ್ಮ.

ಯುಗಾದಿ ಕಳೆದ ಮೇಲೆ ಪಂಜರವನ್ನೇ ಬಸ್ಸಿಗೆ ಹತ್ತಿಸಿ ಮಳವಳ್ಳಿಗೆ ಒಯ್ದರು. ಅಂಗಡಿಯವನು ಮುಟ್ಟಲಿಲ್ಲ, ಬಗ್ಗಿ ನೋಡಿದ. ಕೊಕ್ಕಿನ ಮೇಲಿನ ಮೂಗು ನೀಲಿಯಿದ್ದರೆ ಗಂಡು, ಕಂದುಬಣ್ಣವಿದ್ದರೆ ಹೆಣ್ಣು ಎಂದ. ಎರಡರದ್ದೂ ನೀಲಿ.

ಒಂದನ್ನು ಅಂಗಡಿಯಲ್ಲೇ ಬಿಟ್ಟು, ಬದಲಿಗೆ ಹೆಣ್ಣು ತಂದರು. ಸುದ್ದಿ ಅವರಿಗಿಂತ ಮುಂಚಿನ ಬಸ್ಸಿನಲ್ಲೇ ಊರು ಸೇರಿತ್ತು. ಅವರ ವಾರಿಗೆಯ, ಕುರಿ ಸಾಕುವ ಸಿದ್ದರಾಜು ದಾರಿಯಲ್ಲೇ ಹಿಡಿದರು: “ಲೇ ಬೋರ, ನಮ್ ಕೊಟ್ಟಿಗೇಲೂ ಒಸಿ ಕೈ ಆಡ್ಸು ಬಾ. ಅಲ್ಲೂ ಎಲ್ಲ ಗಂಡೇ ಇದ್ದಾವು.”

ಊರು ನಕ್ಕಿತು. ಆದರೆ ಆ ತಿಂಗಳು ಟಗರು ಹುಡುಕಿ ಬಂದವರು ಚಿಕ್ಕಬೋರಯ್ಯನವರ ಬಾಗಿಲು ದಾಟಿ ಮುಂದಕ್ಕೆ ಹೋದರು. ಚಿಕ್ಕಬೋರಯ್ಯ ಜಗಲಿ ಬಿಟ್ಟು ಹಿತ್ತಿಲಲ್ಲಿ ಕೂರತೊಡಗಿದರು. ಹೆಸರು ಹೋದ ಮೇಲೆ ಬೀದಿ ನೋಡಿಕೊಂಡು ಕೂರುವುದೇಕೆ ಎಂಬುದು ಅವರ ವಾದ.

ಇತ್ತ ಮೊಟ್ಟೆ ಬಂತು, ಮರಿಯೂ ಆಯಿತು. ಪುಕ್ಕವಿಲ್ಲದ, ಕಣ್ಣು ಬಿಡದ ನಾಲ್ಕು ಮರಿ. ಮಡಕೆಯೊಳಗೆ ಟಾರ್ಚು ಬಿಟ್ಟು ನೋಡಿದ ಸೋಮಮ್ಮ, “ಬೇಯ್ಸಿದ ಗೆಣಸಿಗೆ ಕೊಕ್ಕು ಸಿಕ್ಸ್ದಂಗವೆ,” ಎಂದರು.

ಮರಿಗಳು ಪುಕ್ಕ ತುಂಬಿ ಮಡಕೆಯಿಂದ ಹೊರಬಂದ ವಾರ, ಸಿದ್ದರಾಜು ದುದ್ದದ ಶಿವಯ್ಯ ಎಂಬ ರೈತರನ್ನು ಕರೆತಂದರು. ಶಿವಯ್ಯ ಸಿದ್ದರಾಜುವಿನ ಟಗರು ಕೊಳ್ಳಲು ಬಂದವರು. ಟಗರು ಬೀದಿಯಲ್ಲಿ ಗೂಡ್ಸ್ ಆಟೊ ಏರಿ ನಿಂತಿತ್ತು. ವ್ಯಾಪಾರ ಮಾತ್ರ ಮುಗಿದಿರಲಿಲ್ಲ. ಅಷ್ಟರಲ್ಲಿ ಬಂದವರಿಗೆ ಒಂದು ತಮಾಷೆ ತೋರಿಸುವ ಆಸೆ ಸಿದ್ದರಾಜುವಿಗೆ. ಚಿಕ್ಕಬೋರಯ್ಯನವರನ್ನು ಹಿತ್ತಿಲಿನಿಂದ ಪಂಜರದ ಬಳಿಗೆ ಕರೆಸಿದರು.

“ಯೋಳ್ಲಾ ಬೋರ, ಈ ಮರೀಲಿ ಗಂಡು ಯಾವ್ದು?”

ಚಿಕ್ಕಬೋರಯ್ಯ ಚಾಚಿದ ಕೈ ಹಿಂದಕ್ಕೆಳೆದುಕೊಂಡು, ಕನ್ನಡಕ ಹಾಕಿ ಬಗ್ಗಿ ನೋಡಿದರು. ನಾಲ್ಕರ ಮೂಗೂ ನಸುಗೆಂಪು.

“ಗೊತ್ತಿಲ್ಲ ಕಣ್ಲಾ. ಮೂಗಿನ ಬಣ್ಣ ತಿರುಗ್ಲಿ, ಆಮ್ಯಾಕೆ ಯೋಳ್ತೀನಿ.”

ಸಿದ್ದರಾಜು ತೊಡೆ ತಟ್ಟಿ ನಕ್ಕರು. ಶಿವಯ್ಯ ನಗಲಿಲ್ಲ.

“ನಿಮ್ಮನ್ನ ಟಗರು ಎಂಗದೆ ಅಂತ ಬೆಳಗ್ಗಿಂದ ಕೇಳ್ತಾ ಇವ್ನಿ. ಇಂಥದ್ದು ಇನ್ನೆಲ್ಲೂ ಇಲ್ಲ ಅಂತ್ಲೇ ಅಂತೀರಿ,” ಎಂದು ಸಿದ್ದರಾಜುವಿಗೆ ಹೇಳಿ, ಚಿಕ್ಕಬೋರಯ್ಯನವರ ಕಡೆ ತಿರುಗಿದರು. “ಅಣ್ಣ, ಗೊತ್ತಿಲ್ಲ ಅನ್ನಕ್ಕೆ ನಿಮ್ಗೆ ಬಾಯಿ ಬತ್ತದೆ. ಒಸಿ ಈ ಟಗರ ನೋಡಿ. ನೀವು ಅಂದಂಗೇ ಮಾಡ್ತೀನಿ.”

ಸಿದ್ದರಾಜುವಿನ ನಗು ಅಲ್ಲಿಗೆ ನಿಂತಿತು.

ಚಿಕ್ಕಬೋರಯ್ಯ ಪಂಚೆ ಎತ್ತಿ ಕಟ್ಟಿ ಆಟೊ ಹತ್ತಿದರು. ಬೆನ್ನು ಮುಟ್ಟಿದರು. ಪಕ್ಕೆ ಸವರಿದರು. ಎದೆ ಹಿಡಿದರು. ಮತ್ತೆ ಬೆನ್ನಿಗೇ ಬಂದರು. ಬೀದಿಯವರು ಒಬ್ಬೊಬ್ಬರಾಗಿ ಸೇರಿದರು.

“ಬೇಗ ಯೋಳಪ್ಪ,” ಎಂದರು ಸಿದ್ದರಾಜು, ಮೆತ್ತಗೆ.

“ತಡಿಲಾ. ಗಂಡು ಅನ್ನೋದಂತೂ ದಿಟ. ಮಿಕ್ಕಿದ್ದು ನೋಡ್ತಾ ಇವ್ನಿ.”