ಸಂಡಿಗೆ ಕಾಯುವ ನೆಪದಲ್ಲಿ ಯೋಗ ಕಲಿಸಿದ ಗಂಗಕ್ಕ

ನಂಬಲು ಆಗುತ್ತಿಲ್ಲ...
ಗಂಗಕ್ಕ ಇನ್ನಿಲ್ಲವಂತೆ.

ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದಾಗ "ಯಾವ ಗಂಗಕ್ಕ?" ಎಂದು ಕೇಳಿಬಿಟ್ಟೆ.
ನನಗೆ ಇದ್ದದ್ದೇ ಒಬ್ಬ ಗಂಗಕ್ಕ!

ತೊಂಬತ್ತು ದಾಟಿತ್ತು, ಸರಿ...
ಆದರೆ ಹೋದ ವಾರವಷ್ಟೇ ವಿಡಿಯೋ ಕಾಲ್‌ನಲ್ಲಿ ಬೈದಿದ್ದರು. "ಬೆನ್ನು ನೆಟ್ಟಗ ಮಾಡಿ ಕೂಡವಾ ಸುಧಾ, ಮುದುಕಿ ಆಗೀದೇನು?"
ನನಗೇ ಎಂಬತ್ತರ ಮೇಲಾಗಿದೆ, ಫ್ರೆಂಡ್ಸ್!

ನಿಮ್ಮಲ್ಲಿ ಬಹಳ ಮಂದಿಗೆ ಅವರು ಗೊತ್ತಿಲ್ಲ. ಇವತ್ತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಅರವತ್ತರ ದಶಕದ ಶುರು...
ಪುಣೆಯ ಕಾನ್ವೆಂಟ್‌ನಲ್ಲಿ ಓದಿದ ನಾನು ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಸೊಸೆಯಾಗಿ ಬಂದೆ.
ಓಹ್, ಎಂಥ ಖುಷಿ ಆಗ! ಗಂಡನ ಸೈಕಲ್ ಬೆಲ್ ಕೇಳಿದರೆ ಸಾಕು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದೆ.
"ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಓಡ್ತಾಳಲ್ಲೋ ಯಪ್ಪಾ ಈಕಿ!" ಎಂದು ಅತ್ತೆ ಹಣೆ ಬಡಿದುಕೊಳ್ಳುತ್ತಿದ್ದರು.

ಆಮೇಲೆ...
ಮದುವೆಯಾಗಿ ವರ್ಷ ತುಂಬುವ ಮೊದಲೇ ಬಸುರಾದೆ, ಅದು ನಿಲ್ಲದೆ ಹೋಯಿತು.

ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.
ನಾನೇ ನನ್ನ ಮೈಯನ್ನು ಬೈದುಕೊಳ್ಳುತ್ತಿದ್ದೆ. ಕನ್ನಡಿಯ ಮುಂದೆ ನಿಂತು... ಯೂಸ್‌ಲೆಸ್, ಯೂಸ್‌ಲೆಸ್.
ಒಂದು ದಿನ ಅತ್ತೆ, "ಸ್ವಲ್ಪ ದಿನ ತವರಿಗೆ ಹೋಗಿ ಬಾ" ಎಂದರು.
ಹೋದರೆ ಮತ್ತೆ ಕರೆಸುವುದಿಲ್ಲ ಎಂದುಕೊಂಡೆ.

ಗಂಗಕ್ಕ ನಮ್ಮ ಪಕ್ಕದ ಮನೆಯವರು. ಕನ್ನಡ ಶಾಲೆಯಲ್ಲಿ ಟೀಚರ್. ಯೋಗವನ್ನು ತಂದೆಯಿಂದ ಕಲಿತಿದ್ದರು. ಹೆಂಗಸರು ಯೋಗ ಮಾಡುತ್ತಾರೆಂದರೆ ಓಣಿಯೇ ನಗುತ್ತಿದ್ದ ಕಾಲ ಅದು... ಅದಕ್ಕೇ ಅವರು ಬೇಸಿಗೆಯನ್ನು ಕಾಯುತ್ತಿದ್ದರು. ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ. ಕಾಗೆ ಓಡಿಸಲು ಹೆಂಗಸರು ಮೇಲೆ ಕೂತರೆ ಯಾರು ಕೇಳುತ್ತಾರೆ?

ಗಂಗಕ್ಕ, ನಿಮಗೆ ನೆನಪಿದೆಯಾ?
"ಬಾರವಾ ಮ್ಯಾಲ, ಸಂಡಗಿ ಕಾಯೋಣು" ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಿರಿ.
ಕಚ್ಚೆಯಿಲ್ಲದೆ ಸುತ್ತಿ ಉಟ್ಟ ನನ್ನ ಸೀರೆ ನೋಡಿ ನಕ್ಕಿರಿ. "ಈ ಗೋಲ ಸೀರಿ ಉಟ್ಟು ಕಾಲೆತ್ತಿದರ ಊರಿಗೆಲ್ಲಾ ದರ್ಶನ ಆಕ್ಕೈತಿ. ಕಚ್ಚಿ ಹಾಕ್ಕೊಂಡು ಬಾ!"
ಕಚ್ಚೆ ಸೀರೆ ಎಂದರೆ ಮೂಗು ಮುರಿಯುತ್ತಿದ್ದ ಕಾನ್ವೆಂಟ್ ಹುಡುಗಿ ನಾನು... ಹಗ್ಗದ ಮೇಲೆ ಒಣಗುತ್ತಿದ್ದ ಅತ್ತೆಯ ಇಳಕಲ್ ಸೀರೆಯನ್ನು ಯಾರಿಗೂ ಹೇಳದೆ ಉಟ್ಟುಕೊಂಡೆ.

ಎದುರು ಮನೆಯ ಇಬ್ಬರು, ನೀವು, ನಾನು. ಮಾಳಿಗೆಗೆ ಬಾಗಿದ ಬೇವಿನ ಮರದ ನೆರಳಲ್ಲಿ ಕೊನೆಗೆ ಶವಾಸನ.
ನಿಮ್ಮ ದನಿ ಇನ್ನೂ ಕಿವಿಯಲ್ಲಿದೆ. "ಕಾಲಿಗೆ ಹೇಳ್ರಿ, ಭಾಳ ದಣಿದೀದಿ, ಸಾಕು ಬಿಡು ಅಂತ... ಈಗ ಹೊಟ್ಟಿಗೆ ಹೇಳ್ರಿ, ನಿನ್ನ ಮ್ಯಾಲ ಸಿಟ್ಟಿಲ್ಲ ಅಂತ..."

ಹೊಟ್ಟೆಯ ಸರದಿ ಬಂದಾಗಲೆಲ್ಲ ನಾನು ಕಣ್ಣು ತೆರೆದುಬಿಡುತ್ತಿದ್ದೆ.
ಆ ಮಾತು ನನ್ನಿಂದ ಆಗುತ್ತಿರಲಿಲ್ಲ.
ನೀವು ನೋಡಿಯೂ ನೋಡದ ಹಾಗೆ ಇರುತ್ತಿದ್ದಿರಿ...

ಮತ್ತೆ ಆ ಮಧ್ಯಾಹ್ನ!
ಆಚೆ ಮನೆಯ ಪಾರವ್ವ ತನ್ನ ಮಾಳಿಗೆಯಿಂದ ಇಣುಕಿ ನೋಡಿದಳು. ನಾಲ್ಕು ಜನ ಸಾಲಾಗಿ ಬಿದ್ದಿದ್ದೇವೆ, ಕಾಗೆಗಳು ಆರಾಮಾಗಿ ಸಂಡಿಗೆ ತಿನ್ನುತ್ತಿವೆ...
"ಅಯ್ಯಯ್ಯ, ಓಡಿ ಬರ್ರಿ! ನಾಲ್ಕೂ ಮಂದಿ ಬಿಸಲ ಬಡದು ಬಿದ್ದಾರ!"

ಏದುಸಿರು ಬಿಡುತ್ತ ಅತ್ತೆ ಹತ್ತಿ ಬಂದರು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಮೂಗಿಗೆ ಹಿಡಿಯಲು ಜಜ್ಜಿದ ಉಳ್ಳಾಗಡ್ಡಿ.
"ಬದುಕೀಯಲ್ಲ?"
"ಹೂಂರಿ ಅತ್ತಿ..."
"ಹಂಗಾರ ನನ್ನ ಸೀರಿ ಯಾಕ ಮಣ್ಣಾಗ ಹೊಳ್ಳಾಡಸಾಕತ್ತೀದಿ?"

ಮುಗಿಯಿತು, ನಾಳೆಯೇ ಪುಣೆಯ ರೈಲು ಎಂದುಕೊಂಡೆ.
ನೀವು ಮಾತ್ರ ನಗುತ್ತಲೇ, "ಮೈಗೆ ಸಮಾಧಾನ ಹೇಳಾಕತ್ತೇವ್ರಿ ಕಾಕು. ನೀವೂ ಒಂದ ಘಳಿಗಿ ಮಲಗ್ರಿ" ಎಂದಿರಿ.
"ನಾನು? ಹಗಲಹೊತ್ತು? ಹುಚ್ಚ ಹಿಡದೈತೇನ ನಿನಗ!"
ಹಾಗೆನ್ನುತ್ತಲೇ ಕೂತರು... ಮೆಲ್ಲಗೆ ನನ್ನ ಪಕ್ಕ ಮಲಗಿದರು. ಉಳ್ಳಾಗಡ್ಡಿ ಮುಷ್ಟಿಯಲ್ಲೇ ಇತ್ತು.

ಕಾಲಿಗೆ ಹೇಳಿದ್ದಾಯಿತು, ಮೊಣಕಾಲಿಗೆ ಹೇಳಿದ್ದಾಯಿತು.
ಹೊಟ್ಟೆಗೆ ಬಂದಾಗ ಅತ್ತೆ ಉಳ್ಳಾಗಡ್ಡಿ ಕೆಳಗಿಟ್ಟರು.

"ನನ್ನವೂ ಎರಡು ಹೋದವು," ಎಂದರು, ಕಣ್ಣು ಮುಚ್ಚಿಕೊಂಡೇ. "ಮರುದಿನನ ಬೀಸೂಕಲ್ಲಿನ ಮುಂದ ಕುಂದ್ರಿಸಿದ್ರು. ಮಲಕೋ ಅಂತ ಒಬ್ಬರೂ ಅನ್ನಲಿಲ್ಲ... ಅದಕ್ಕ ಈಕಿಗೆ ತವರಿಗೆ ಹೋಗು ಅಂದೆ. ಅಲ್ಲಾದ್ರ ಅವರವ್ವ ಮಲಗಸ್ತಾಳು ಅಂತ."


ನಾನು ಅತ್ತೆಯ ಕೈ ಹುಡುಕಿ ಹಿಡಿದುಕೊಂಡೆ.
ಇನ್ನೊಂದು ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, ಆ ಮಾತನ್ನು ಹೇಳಿದೆ.
ಮೊದಲ ಸಲ...

ಇಷ್ಟೆಲ್ಲ ಕಲಿಸಿ ನೀವು ಮಾಡಿದ್ದೇನು? ಎದ್ದು ಸೀರೆ ಕೊಡವಿಕೊಂಡು, "ಸಂಡಗಿ ಎಲ್ಲಾ ಕಾಗಿ ಪಾಲಾತ್ರಿ!" ಎಂದು ಕೂಗಾಡಿದಿರಿ. ಎಲ್ಲರೂ ಅಳುತ್ತಲೇ ನಕ್ಕೆವು.

ನನಗೆ ಆಮೇಲೂ ಮಕ್ಕಳಾಗಲಿಲ್ಲ.
ಮದುವೆ ಮುಂಜಿಗಳಲ್ಲಿ ಜನ ಕೇಳುತ್ತಲೇ ಇದ್ದರು. ನನಗಿಂತ ಮೊದಲು ಅತ್ತೆಯೇ ಉತ್ತರ ಕೊಡುತ್ತಿದ್ದರು. "ನಮ್ಮ ಸುಧಾ ಆರಾಮ ಅದಾಳ. ಅಷ್ಟ ಸಾಕು ನಮಗ."
ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗ ನೀವೂ...

ಆ ಬೇಸಿಗೆಯ ನಂತರ ಈ ಮೈಯನ್ನು ನಾನು ಒಂದು ದಿನವೂ ಬೈದಿಲ್ಲ ಗಂಗಕ್ಕ.
ಇದನ್ನು ನಿಮಗೆ ಹೇಳಿಯೇ ಇರಲಿಲ್ಲ ನೋಡಿ...

ಹೋಗಿ ಬನ್ನಿ.
ಎಲ್ಲರ ಮೈಮನಸ್ಸಿಗೆ ಸಮಾಧಾನ ಹೇಳಿದ ಜೀವ, ನಿಮಗೂ ಅಷ್ಟೇ ತಣ್ಣನೆಯ ಸಮಾಧಾನ ಸಿಗಲಿ 🙏